ಹೊರೆ ಹೊತ್ತವರ ದಾರಿ

"ನಿಂತಳೋ, ನಿಲ್ಲಲಿಲ್ಲವೋ? ಅಷ್ಟು ಹೇಳಿ ಸಾಕು, ಗೌಡರೆ."

ಠಾಣೆಯ ರೈಟರ್ ರಸ್ತೆಯಂಚಿನ ಬಂಡೆಯ ಮೇಲೆ ಕೂತು ತೊಡೆಯ ಮೇಲೆ ಕಾಗದ ಹರಡಿಕೊಂಡಿದ್ದ. ಕೊಳ್ಳೇಗಾಲದ ಕಡೆಯವನು, ಹಟ್ಟಿಯವರ ಮಾತು ಅವನಿಗೆ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಹಾಲ ಅವನೆದುರು ನಿಂತು ರಸ್ತೆಯನ್ನೇ ನೋಡುತ್ತಿದ್ದ. ಸೊಸೆ ಲಿಂಗಿ ಮೋಟಾರಿಗೆ ಸಿಕ್ಕಿ ಸತ್ತು ಬಿದ್ದ ಜಾಗದಲ್ಲಿ ಈಗ ಏನೂ ಇರಲಿಲ್ಲ. ಒಂಬತ್ತು ದಿನಗಳ ಮಳೆ ಮಂಜು ಎಲ್ಲವನ್ನೂ ತೊಳೆದಿತ್ತು. ಅವಳ ಹೊರೆಯಿಂದ ಉರುಳಿದ ನಾಲ್ಕಾರು ಆಲೂಗಡ್ಡೆ ಮಾತ್ರ ಚರಂಡಿಯಲ್ಲಿ ಬಿದ್ದು ಹಸಿರು ತಿರುಗಿದ್ದವು.

ಹಟ್ಟಿ ಇರುವುದು ರಸ್ತೆಯ ಮೇಲ್ಗಡೆ, ಹೊಲ ಕೆಳಗಡೆ. ಉದಕಮಂಡಲದಿಂದ ಗೂಡಲೂರಿಗೆ ಹೋಗುವ ಈ ರಸ್ತೆ ಹಾಲನ ಅಪ್ಪನ ಕಾಲದಲ್ಲೇ ಕಾಲುದಾರಿಯನ್ನು ಕತ್ತರಿಸಿಕೊಂಡು ಬಂದಿತ್ತು. ಎತ್ತಿನ ಗಾಡಿಯಿಂದಾಗಲಿ ಕುದುರೆ ಗಾಡಿಯಿಂದಾಗಲಿ ಯಾರಿಗೂ ತೊಂದರೆಯಾಗಿರಲಿಲ್ಲ. ಮೋಟಾರುಗಳು ಓಡಾಡತೊಡಗಿ ಆರು ವರ್ಷವಾಗಿತ್ತು. ದಿನವೂ ಹದಿನಾಲ್ಕು ಹೆಂಗಸರು ಹೊರೆ ಹೊತ್ತು ಅಲ್ಲೇ ದಾಟಬೇಕು. ಅವರು ದಾಟುವಲ್ಲಿ ಮೋಟಾರು ನಿಂತು ಹೋಗಲಿ ಎಂದು ಸರ್ಕಾರದವರು ಕಟ್ಟಪ್ಪಣೆ ಮಾಡಬೇಕು. ಹಾಲ ಬೇಡಿದ್ದು ಅಷ್ಟೇ. ಮೊದಲು ತಪ್ಪು ಯಾರದೆಂದು ತೀರ್ಮಾನವಾಗಲಿ ಎಂದಿದ್ದರು ಠಾಣೆಯಲ್ಲಿ. ಕಂಡವನು ಹಾಲ ಒಬ್ಬನೇ. ಅಂದು ಅವನು ಗುದ್ದಲಿ ಹಿಡಿದು ಲಿಂಗಿಯ ಹಿಂದೆಯೇ ಹತ್ತು ಮಾರು ದೂರದಲ್ಲಿ ಏರಿ ಬರುತ್ತಿದ್ದ.

"ಹಾರನ್ ಹೊಡೆದೆ ಅಂತಾನೆ ಡ್ರೈವರ್. ನಿಮಗೆ ಕೇಳಿಸ್ತೋ?"

"ಕೇಳಿತು. ಅವಳಿಗೂ ಕೇಳಿತು."

"ಮತ್ತೆ ನಿಲ್ಲಬೇಕಲ್ಲ?"

"ಏಕೆ ನಿಲ್ಲೋದು?" ಹಾಲನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ತಲೆ ಮೇಲೆ ಹೊರೆ ಇತ್ತಲ್ಲ ಸಾಮಿ."

ರೈಟರ್ ಲೇಖನಿ ಎತ್ತಿದ. ಹಾಲ ಬಿಡಿಸಿ ಹೇಳಿದ. ಇಲ್ಲಿಯ ಕಾಲುದಾರಿಗಳು ಒಬ್ಬರ ಪಾದಕ್ಕೆ ಮಾತ್ರ ಸಾಲುವಂಥವು. ಹೊರೆ ಹೊತ್ತವರು ಕಂಡರೆ ಬರಿಗೈಯವನು ಗಿಡದೊಳಗೆ ಸರಿದು ನಿಲ್ಲುತ್ತಾನೆ. ಮಂಜು ಮುಸುಕಿದ್ದರೆ ದೂರದಿಂದಲೇ 'ಹೋ' ಎಂದು ಕೂಗುತ್ತಾನೆ. ನಾನು ನಿಂತಿದ್ದೇನೆ, ನೀನು ಬಾ ಎಂದು ಅದರರ್ಥ. ಹೊರೆ ಹೊತ್ತವರು ನಡಿಗೆ ತಡೆಯುವುದಿಲ್ಲ.

"ಮೋಟಾರಿನವ ಕೂಗಿದ. ಒಳಗೆ ದೊರೆ ಒಬ್ಬ. ಮೂಟೆ ಇಲ್ಲೆ, ಗಂಟು ಇಲ್ಲೆ, ಬರಿಗೈ. ನಿಂತಾನೆ ಅಂತ ಲಿಂಗಿ ನಡೆದಳು."

ರೈಟರ್ ಲೇಖನಿಯ ಹಿಂಬದಿಯಿಂದ ಕಿವಿ ಕೆರೆದುಕೊಂಡ. ದನಿ ತಗ್ಗಿಸಿದ. "ಗೌಡರೆ, ಇದನ್ನ ಹೀಗೇ ಬರೆದರೆ ತಪ್ಪು ಅವಳದೇ ಆಗುತ್ತೆ, ಗೊತ್ತಾ? ನಿಂತಳು, ಅತ್ತಿತ್ತ ನೋಡಿದಳು, ಆಮೇಲೆ ಇಳಿದಳು ಅನ್ನಿ. ಮತ್ತೆ ನಾನೇನೂ ಕೇಳೋದಿಲ್ಲ."

ಹಾಲನಿಗೆ ಹಿಂದಿನದೊಂದು ನೆನಪಾಯಿತು. ಲಿಂಗಿ ಮದುವೆಯಾಗಿ ಬಂದ ಹೊಸದು. ಒಮ್ಮೆ ಮಾವ ಎದುರು ಬರುವುದನ್ನು ಕಂಡು ಸೌದೆ ಹೊರೆಯೊಂದಿಗೇ ಮುಳ್ಳಿಗೆ ಸರಿದು ನಿಂತಿದ್ದಳು. ಎಲ್ಲರೆದುರು ಹಾಲ ಗದರಿದ್ದ: "ಹೊರೆ ಹೊತ್ತು ನಿಲ್ಲೋಕೆ ನಿನ್ನ ಅವ್ವೆ ಹೇಳಿಕೊಟ್ಟಳೋ? ನಡಿ. ದೇವರೇ ಎದುರು ಬಂದರೂ ನಡಿ." ತೋಳಿನ ತುಂಬ ಮುಳ್ಳು ಗೀರಿ ರಕ್ತ ಜಿನುಗುತ್ತಿದ್ದರೂ ಅವಳು ನಕ್ಕಿದ್ದಳು. ಆಮೇಲೆ ಅವಳು ಯಾರಿಗಾಗಿಯೂ ನಿಂತದ್ದಿಲ್ಲ. ಒಂಬತ್ತು ವರ್ಷ ಸರಿಯಾಗಿ ನಡೆದವಳನ್ನು ಕೊನೆಗೆ ನಡೆಯಲು ಬಾರದವಳೆಂದು ಕಾಗದದ ಮೇಲೆ ಬರೆಸುವುದೆ?

"ನಿಲ್ಲಲಿಲ್ಲೆ," ಎಂದ. "ಬರೆದುಕೊ ಸಾಮಿ. ನನ್ನ ಸೊಸೆ ನಿಲ್ಲಲಿಲ್ಲೆ."

ರೈಟರ್ ಅವನ ಮುಖ ನೋಡಿದ, ಬರೆದ. ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡ.

ತಿಂಗಳು ಕಳೆದ ಮೇಲೆ ರಸ್ತೆ ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ಬಂದು ದಾಟುವ ಜಾಗದಲ್ಲಿ ಒಂದು ಹಲಗೆ ನೆಟ್ಟ. ಹಟ್ಟಿಯ ಜನವೆಲ್ಲ ಇಳಿದು ಬಂತು. ಹಾಲನ ಹೆಂಡತಿ ಕೆಂಪಿ ಹಲಗೆಗೆ ಒಂದು ಸುತ್ತು ಬಂದಳು.

"ಬರಹ ನಂಗ ಕಡೆಗೆ, ನಡೆಯೋರ ಕಡೆಗೆ ಇದೆ. ಮೋಟಾರಿನವನಿಗೆ ಬರೀ ಬೆನ್ನು. ಅವ ಬೆನ್ನು ಓದುತ್ತಾನೋ?"

ಹೆಂಗಸರು ನಕ್ಕರು. ಲಿಂಗಿ ಸತ್ತ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮೇಸ್ತ್ರಿ ಓದಿ ಹೇಳಿದ: ನಡೆಯುವವರು ಇಲ್ಲಿ ನಿಂತು, ಗಾಡಿ ಹೋದ ಮೇಲೆ ದಾಟತಕ್ಕದ್ದು.

"ಗಾಡಿಗೆ ಏನು ಬರೆದಿದೆ?" ಹಾಲ ಕೇಳಿದ.

"ಗಾಡಿಗೆ ಏನೂ ಇಲ್ಲ. ಅವಳು ನಿಲ್ಲಲಿಲ್ಲ ಅಂತ ನೀವೇ ಹೆಬ್ಬೆಟ್ಟು ಒತ್ತಿದ್ದೀರಂತಲ್ಲ."

ಕೆಂಪಿ ತಿರುಗಿ ಗಂಡನನ್ನು ನೋಡಿದಳು. ಏನೂ ಕೇಳಲಿಲ್ಲ. ಅಂದು ಮಾತ್ರವಲ್ಲ, ಮುಂದೆಯೂ ಕೇಳಲಿಲ್ಲ.

ಹೆಂಗಸರು ನಿಲ್ಲಲು ಕಲಿತರು. ರಸ್ತೆಯ ಕೆಳಗಿನ ಅಂಚಿನಲ್ಲಿ ಹೊರೆ ಹೊತ್ತು ಸಾಲಾಗಿ ನಿಲ್ಲುತ್ತಿದ್ದರು. ನಿಂತರೆ ಭಾರ ಹೆಚ್ಚು. ಕತ್ತಿನ ನರ ನಡುಗುವುದು ದೂರಕ್ಕೂ ಕಾಣುತ್ತಿತ್ತು. ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಹಾಲ ನೋಡಲಾರದೆ ಹಳ್ಳದಿಂದ ಮೂರು ಚಪ್ಪಡಿ ಎಳೆಸಿದ. ಎರಡನ್ನು ನೆಟ್ಟು, ಮೂರನೆಯದನ್ನು ಎದೆಮಟ್ಟಕ್ಕೆ ಅಡ್ಡ ಹಾಕಲು ಪಕ್ಕದ ಮನೆಯ ಮಾದನನ್ನು ಕರೆದ.

"ಹೊರೆ ಇಳಿಸೋಕೆ ಕಲ್ಲೋ?" ಎಂದ ಮಾದ. "ಅಲ್ಲಿಗೆ, ಹೊರೆ ಹೊತ್ತವರು ನಿಲ್ಲಬೇಕು ಅಂತ ನೀನೇ ಒಪ್ಪಿದಂತಾಯ್ತಲ್ಲ ಅಣ್ಣ."

ಹಾಲ ಚಪ್ಪಡಿಯ ತುದಿ ಎತ್ತಿ ಹಿಡಿದು, "ನಿನ್ನ ಕಡೆ ಇನ್ನೂ ಸ್ವಲ್ಪ ಮೇಲೆ," ಎಂದ.

ಮರುದಿನ ಸಂಜೆ ಅವನು ಬರಿಗೈಯಲ್ಲಿ ಮೇಲಿನ ಅಂಚಿಗೆ ಬಂದು ನಿಂತ. ಕೆಳಗಿನಿಂದ ಕೆಂಪಿ ಏರಿ ಬಂದಳು. ಲಿಂಗಿ ಹೊರುತ್ತಿದ್ದ ಹೊರೆಯನ್ನು ಈಗ ಅವಳೇ ಹೊರುತ್ತಿದ್ದಳು. ತಿರುವಿನಾಚೆ ಹಾರನ್ ಕೇಳಿತು. ಕೆಂಪಿ ಮೂಟೆಯನ್ನು ತಲೆಯಿಂದ ಕಲ್ಲಿಗೆ ಜಾರಿಸಿದಳು. ಮೋಟಾರು ಇಬ್ಬರ ನಡುವೆ ವೇಗ ತಗ್ಗಿಸದೆ ಹಾದುಹೋಯಿತು. ಅದರ ಸದ್ದು ಇಳಿಜಾರಿನಲ್ಲಿ ಕರಗಿತು. ಮಂಜು ರಸ್ತೆಗೆ ಇಳಿಯತೊಡಗಿತು.

ಹಾಲ ಕಾದ. ಎರಡು ಕಡೆಯೂ ರಸ್ತೆ ಖಾಲಿಯಿತ್ತು. ಬಾಯಿಗೆ ಕೈ ಅಡ್ಡ ಹಿಡಿದು, "ಹೋ," ಎಂದು ಕೂಗಿದ.

ಕೆಂಪಿಗೆ ಕೇಳಿತು. ಆದರೂ ಹೊರೆ ಎತ್ತಿಕೊಳ್ಳದೆ, ಮೂಟೆಯ ಮೇಲೆ ಒಂದು ಕೈಯಿಟ್ಟುಕೊಂಡು, ಅವನ ದನಿ ಬಂದ ಕಡೆಗೆ ನೋಡುತ್ತಾ ಕಲ್ಲಿನ ಹಿಂದೆಯೇ ನಿಂತಿದ್ದಳು.