ಒಳಜೇಬಿನ ಬಳೆಗಳು

ಪರದೆಯ ಅಂಚು ಹೊಲಿಯುತ್ತಿದ್ದ ಪಂಕಜ ನಡುವೆಯೇ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಕಾಲ ಬಳಿ ಬಿದ್ದಿದ್ದ ಉಳಿಕೆ ತುಂಡನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಗೇಣು ಹಾಕಿ ಅಳೆದಳು. ಆ ತುಂಡು ನಾನು. ಒಂದು ಗಂಟೆಯಲ್ಲಿ ನನಗೆ ಎರಡು ಹಿಡಿಕೆ ಬಂದವು, ತಳಕ್ಕೆ ಎರಡು ಸಾಲು ಹೊಲಿಗೆ ಬಿತ್ತು. ನಾನೊಂದು ಕೈಚೀಲವಾದೆ.

ಇನ್ನು ಮುಗಿಯಿತು ಅಂದುಕೊಂಡೆ. ಆದರೆ ಅವಳು ನನ್ನನ್ನು ಒಳಹೊರಗು ಮಾಡಿ, ಅಂಗೈಯಗಲದ ಇನ್ನೊಂದು ಚೂರನ್ನು ಒಳಮೈಗಿಟ್ಟು ಮೂರು ಬದಿ ಹೊಲಿದಳು. ಅದರ ಮೂಲೆಗೆ ಸೂಜಿಯಿಂದ ಮೂರು ಗಂಟು ಹಾಕಿದಳು. ಅದು ಅವಳ ತಾಯಿಯ ಅಭ್ಯಾಸವಂತೆ. ಊರವರ ರವಿಕೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ ಆ ತಾಯಿ, ಯಾವ ಚೀಲ ಹೊಲಿದರೂ ಹೊರಗಿನವರಿಗೆ ಕಾಣದ ಒಂದು ಒಳಜೇಬು ಇಟ್ಟು, ಮೂರು ಗಂಟು ಹಾಕಿಯೇ ದಾರ ಕಡಿಯುತ್ತಿದ್ದಳಂತೆ.

ಮೈಸೂರಿನ ಚಿಕ್ಕಗಡಿಯಾರದ ಹಿಂದೆ, ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನನ್ನ ಮನೆ. ರಜೆಗೆ ಬಂದವರು ಎರಡು ದಿನ, ನಾಲ್ಕು ದಿನ ಬಾಡಿಗೆಗಿದ್ದು ಹೋಗುವ ಫ್ಲ್ಯಾಟು ಅದು. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಗುಡಿಸುವುದು, ಒರೆಸುವುದು, ಚಾದರ ಬದಲಿಸುವುದು, ಬಂದವರಿಗೆ ಬೀಗದಕೈ ಕೊಡುವುದು ಎಲ್ಲ ಪಂಕಜಳ ಪಾಲಿನದು. ಬಾಗಿಲ ಹಿಂದಿನ ಮೊಳೆಗೆ ನನ್ನನ್ನು ನೇತುಹಾಕಿದಳು. ಪಕ್ಕದಲ್ಲಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಸುತ್ತಲಿನ ಬೀದಿಗಳ ನಕ್ಷೆ ಬರೆದು ಅಂಟಿಸಿದಳು. ಕಾಫಿಪುಡಿ ಇಲ್ಲಿ, ಹೂವು ಇಲ್ಲಿ, ಬಿಸಿ ಇಡ್ಲಿ ಇಲ್ಲಿ. ಮಾರುಕಟ್ಟೆಯ ಹಿಂದಿನ ಒಂದು ಅಡ್ಡರಸ್ತೆಯ ಹತ್ತಿರ ಪೆನ್ನು ತುಸು ನಿಂತಿತು. ಆಮೇಲೆ ಬರೆದಳು: ಬಳೆ ಬೇಕಿದ್ದರೆ ಇಲ್ಲಿ.

ಆ ಅಡ್ಡರಸ್ತೆಗೆ ಅವಳು ಮಾತ್ರ ಎಂದೂ ಕಾಲಿಡಲಿಲ್ಲ. ಫಿನಾಯಿಲ್ ತರಲು ನನ್ನನ್ನು ಒಯ್ದಾಗಲೂ ಗಡಿಯಾರದ ಆಚೆಯಿಂದ ಸುತ್ತು ಹಾಕಿಯೇ ಹೋಗುತ್ತಿದ್ದಳು.

ನನ್ನನ್ನು ಮೊದಲು ಬಳೆ ಅಂಗಡಿಗೆ ಒಯ್ದವರು ಶಿವಮೊಗ್ಗದ ಹೊಸ ಗಂಡಹೆಂಡತಿ. ನಾನು ಜಗತ್ತನ್ನು ಮೊಣಕಾಲಿನ ಎತ್ತರದಿಂದ ನೋಡುವವಳು. ಬೀದಿಯೆಂದರೆ ನನಗೆ ಕಾಲುಗಳು, ಬಾಳೆಎಲೆಯ ಚೂರುಗಳು, ಹೂವಿನವರು ಚಿಮುಕಿಸಿದ ನೀರು, ಮಲಗಿದ ಹಸುವಿನ ಬಾಲ. ಅಂಗಡಿಯ ಗಲ್ಲೆಯ ಕೆಳಗೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿಗಳಿದ್ದವು. ಅವುಗಳ ಒಡತಿ ಕುಮುದ ಹುಡುಗಿಯ ಕೈ ಹಿಸುಕಿ ಬಳೆ ಏರಿಸುತ್ತಿದ್ದರೆ, ಗಂಡ ಎನ್ನಿಸಿಕೊಂಡವನು ಅದು ಬೇಡ, ಇದು ಬೇಡ ಎನ್ನುತ್ತಿದ್ದ.

"ಬಳೆ ನಿಮ್ಗಲ್ಲ ಸ್ವಾಮಿ. ಸುಮ್ನೆ ಆ ಚೀಲ ಹಿಡ್ಕೊಂಡು ನಿಂತ್ಕೊಳ್ಳಿ," ಎಂದಳು ಕುಮುದ.

ಆಮೇಲೆ ಬಳೆಯ ಡಬ್ಬಿ ಇಡಲು ನನ್ನ ಬಾಯಿ ಅಗಲಿಸಿದ ಕುಮುದಳ ಬೆರಳು ಒಳಮೈಗೆ ತಾಗಿತು, ಜೇಬು ಸಿಕ್ಕಿತು, ಮೂಲೆಗೆ ಜಾರಿತು. ಒಂದು, ಎರಡು, ಮೂರು ಗಂಟು. ಬೆರಳು ಅಲ್ಲೇ ನಿಂತುಬಿಟ್ಟಿತು. ಈ ಚೀಲ ಎಲ್ಲಿಯದು ಎಂದು ಕೇಳಿದಳು. ನಾವಿಳಿದುಕೊಂಡ ಮನೆಯದು, ಅಲ್ಲಿ ಪಂಕಜಮ್ಮ ಅಂತ ಇದ್ದಾರೆ ಎಂದಳು ಹುಡುಗಿ. ಅವರಿಬ್ಬರೂ ಅತ್ತ ತಿರುಗಿದಾಗ ಕುಮುದ, ಎರಡು ಹಸಿರು ಗಾಜಿನ ಬಳೆಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಒಳಜೇಬಿಗೆ ಇಳಿಸಿದಳು.

ಆ ಹುಡುಗಿಗೆ ಜೇಬಿನ ವಿಷಯವೇ ತಿಳಿಯಲಿಲ್ಲ. ಅವರು ಊರಿಗೆ ಹೋದ ಮೇಲೆ, ಒಗೆಯಲು ನನ್ನನ್ನು ಕೊಡವಿದ ಪಂಕಜಳಿಗೆ ಪೇಪರಿನ ಸುರುಳಿ ಸಿಕ್ಕಿತು. ಬಿಚ್ಚಿದಳು. ಅವಳದೇ ಅಳತೆ. ಆ ಅಳತೆ ಬಲ್ಲವಳು ತಂಗಿಯೊಬ್ಬಳೇ. ಬಚ್ಚಲ ಕಟ್ಟೆಯ ಮೇಲೆ ಕೂತು ಅಂದಳು: "ಎಪ್ಪತ್ತು ದಿನ. ಎಪ್ಪತ್ತು ದಿನ ನಂಗೆ ಸುಳ್ಳು ಹೇಳಿದೆಯಲ್ಲೇ ಕುಮುದ."

ಅದೇನೆಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ಕುಮುದಳ ಬಾಯಿಂದ. ಅಷ್ಟರಲ್ಲಿ ನಾನು ಆ ಅಂಗಡಿಗೆ ಎಷ್ಟೋ ಜನರ ಕೈಯಲ್ಲಿ ಹೋಗಿದ್ದೆ. ಪ್ರತಿ ಸಲ ಒಳಜೇಬಿಗೆ ಎರಡು ಬಳೆ ಬೀಳುತ್ತಿದ್ದವು. ಮತ್ತೆ ಅಂಗಡಿಗೆ ಹೋಗುವಾಗ ಪಂಕಜಳ ಕಡೆಯಿಂದ ನಾನು ಒಯ್ಯುತ್ತಿದ್ದುದು ಬರಿಜೇಬು. ಪಕ್ಕದಲ್ಲಿ ಹೂ ಮಾರುವ ಸಿದ್ದಮ್ಮ ಇದನ್ನು ಕಂಡುಹಿಡಿದು ಒಂದು ದಿನ ಕೇಳಿಯೇ ಬಿಟ್ಟಳು: "ಅಕ್ಕ ಇಲ್ಲೇ ನಾಕು ಹೆಜ್ಜೇಲವ್ಳೆ. ನೀನೇ ಓಗಿ ಮಾತಾಡ್ಸಬಾರ್ದಾ ಕುಮುದಕ್ಕ?"

ಕುಮುದ ಬಳೆಯ ಗೊಂಚಲಿನ ಧೂಳು ಒರೆಸುತ್ತಲೇ ಹೇಳಿದಳು. ತಾಯಿ ತೀರಿಹೋದಾಗ ಪಂಕಜ ತಿಪಟೂರಿನ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಎರಡು ಗರ್ಭ ಹೋಗಿ, ಮೂರನೆಯದು ನಿಂತಿತ್ತು. ಹೆರಿಗೆಯಾಗುವವರೆಗೆ ಸಾವಿನ ಸುದ್ದಿ ಅವಳ ಕಿವಿಗೆ ಬೀಳಕೂಡದೆಂದು ಎರಡೂ ಮನೆಯ ಹಿರಿಯರು ಸೇರಿ ತೀರ್ಮಾನಿಸಿದರು. ತಾಯಿ ಇದ್ದದ್ದು ಅಂಗಡಿಯ ಮಹಡಿಯ ಮೇಲೆ, ಕುಮುದಳ ಮನೆಯಲ್ಲಿ. ಪಂಕಜ ದಿನ ಬಿಟ್ಟು ದಿನ ಅಂಗಡಿಗೆ ಫೋನ್ ಮಾಡುತ್ತಿದ್ದಳು, ಅಮ್ಮನಿಗೆ ಕೊಡು ಎನ್ನುತ್ತಿದ್ದಳು.

"ತೀರ್ಮಾನ ಮಾಡಿದವ್ರು ಹತ್ತು ಜನ ಸಿದ್ದಮ್ಮ. ಫೋನ್ ಎತ್ತೋಳು ನಾನೊಬ್ಳೇ. ಅಮ್ಮ ಮಲಗಿದ್ದಾಳೆ ಕಣಕ್ಕ, ಎದ್ಮೇಲೆ ಹೇಳ್ತೀನಿ ಅಂತ ಅಷ್ಟೂ ದಿನ ಅಂದೆ. ಅಂದು ಫೋನಿಟ್ಟು ಇಲ್ಲೇ ಕೂತು ಅಳ್ತಿದ್ದೆ."

ಮಗುವಿನ ನಾಮಕರಣದ ದಿನ ಪಂಕಜ ಅಮ್ಮ ಯಾಕೆ ಬರಲಿಲ್ಲ ಎಂದು ಹಟ ಹಿಡಿದಳಂತೆ. ಆಗ ಹೇಳಿದರು. ಉಳಿದವರನ್ನೆಲ್ಲ ಅವಳು ಕ್ಷಮಿಸಿದಳು. ಗಂಡನ ಕೆಲಸ ಹೋಗಿ ಮೈಸೂರಿಗೇ ಬಂದು ನೆಲೆಸಿದ ಮೇಲೂ ತಂಗಿಯ ಮುಖ ಮಾತ್ರ ನೋಡಲಿಲ್ಲ. ಸುಳ್ಳಿಗೆ ದನಿ ಕೊಟ್ಟವಳು ಅವಳೊಬ್ಬಳೇ ಆಗಿದ್ದಳಲ್ಲ.

"ಈಗ ಹೋಗಿ ಬಾಗ್ಲಲ್ಲಿ ನಿಂತು ಏನ್ ಹೇಳ್ಲಿ? ಬಳೆಯಾದ್ರೂ ಹೋಗ್ಲಿ. ಅಮ್ಮ ಹೋದ್ಮೇಲೆ ಅವಳಿಗೆ ತವರು ಅಂತ ಇರೋಳು ನಾನೇ ತಾನೆ."

ಪಂಕಜ ಆ ಬಳೆಗಳನ್ನು ತೊಡಲೂ ಇಲ್ಲ, ಎಸೆಯಲೂ ಇಲ್ಲ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಅವಳ ಊಟದ ಡಬ್ಬಿಯ ಹಿಂದೆ ಒಂದು ಸ್ಟೀಲ್ ಡಬ್ಬಿಯಿತ್ತು. ಸುರುಳಿಗಳು ಅಲ್ಲಿ ಸೇರುತ್ತಿದ್ದವು. ಯಾರಾದರೂ ಸುತ್ತಾಡಿ ಬಂದರೆ, ಮಾರುಕಟ್ಟೆ ಹೇಗಿತ್ತು, ದಾರಿ ತಪ್ಪಿತೇ ಎಂದು ಕೇಳುವಳು. ಕೊನೆಗೆ, ಬೇರೆಲ್ಲೋ ನೋಡುತ್ತಾ, ಬಳೆ ಅಂಗಡಿಯವರು ಚೆನ್ನಾಗಿ ಮಾತಾಡಿಸಿದರೇ ಎನ್ನುವಳು.

ನನ್ನ ಬಣ್ಣ ಹೋಯಿತು. ಒಂದು ಹಿಡಿಕೆ ಕಿತ್ತು ಬಂತು, ಪಂಕಜ ಹೊಲಿದಳು. ಮತ್ತೆ ಕಿತ್ತಿತು. ಮಾಲೀಕರು ಅಚ್ಚು ಹಾಕಿಸಿದ ಹೊಸ ಸೆಣಬಿನ ಚೀಲಗಳನ್ನು ಕಳಿಸಿದರು. ನನ್ನ ಮೊಳೆ ಅವುಗಳ ಪಾಲಾಯಿತು. ನಾನು ನೆಲ ಒರೆಸುವ ಬಟ್ಟೆಗಳ ಪಕ್ಕದ ಮೂಲೆಗೆ ಹೋದೆ. ಎಂಟು ತಿಂಗಳು ಅಲ್ಲೇ ಮಡಿಸಿಕೊಂಡು ಬಿದ್ದಿದ್ದೆ. ಆ ಎಂಟು ತಿಂಗಳು ಬಳೆ ಬರಲಿಲ್ಲ. ಪಂಕಜ ಒಂದೆರಡು ಸಲ ನನ್ನನ್ನು ಎತ್ತಿ ನೋಡಿ, ಮತ್ತೆ ಅಲ್ಲೇ ಇಟ್ಟಳು.

ಕಳೆದ ವಾರ ಗದಗಿನಿಂದ ಶಕುಂತಲಾ ಟೀಚರ್ ಬಂದರು. ನಿವೃತ್ತಿಯಾದ ಮೇಲೆ ವರ್ಷಕ್ಕೊಮ್ಮೆ ಬಂದು, ಅರಮನೆ ಗಿರಮನೆ ಬಿಟ್ಟು ಬರೀ ಬೀದಿ ಸುತ್ತುವವರು. ಅವರಿಗೆ ಸೆಣಬಿನ ಚೀಲ ಹಿಡಿಸಲಿಲ್ಲ. ನಾನಿದ್ದ ಮೂಲೆ ಹುಡುಕಿ, ಇದು ಹಳೇ ಗೆಳತಿ ಎಂದು ನನ್ನನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು.

ಬಳೆ ಅಂಗಡಿಯಲ್ಲಿ ಗಲ್ಲೆಯ ಕೆಳಗಿನ ನೀಲಿ ಚಪ್ಪಲಿಗಳ ಮೇಲೆ ಧೂಳು ಕೂತಿತ್ತು. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು, ಮಾತ್ರೆಯ ಹಾಳೆಗಳು. ಕುಮುದಳ ಜಾಗದಲ್ಲಿ ಅವಳ ಸೊಸೆ ಕೂತಿದ್ದಳು. ಟೀಚರ್ ಕುಮುದಳನ್ನು ಕೇಳಿದರು. ಸೊಸೆಯ ಕಣ್ಣು ನನ್ನ ಮೇಲೆ ಬಿತ್ತು. ಅವಳಿಗೆ ನನ್ನ ಗುರುತಿತ್ತು. ಸ್ವಲ್ಪ ತಡೆದು ಏನೋ ಹೇಳಿದಳು. ಒಳಜೇಬಿಗೆ ಯಾರೂ ಕೈಹಾಕಲಿಲ್ಲ. ನಾನು ಮೊದಲ ಬಾರಿ ಬರಿಜೇಬಿನಲ್ಲಿ ಮರಳಿದೆ.

ಟೀಚರ್ ಊರಿಗೆ ಹೊರಟ ದಿನ ಪಂಕಜ ಚಾದರ ತೆಗೆಯುತ್ತಾ ಎಂದಿನಂತೆ ಕೇಳಿದಳು. ಅವರು ಚಪ್ಪಲಿ ಮೆಟ್ಟುತ್ತಾ ಹೇಳಿದರು.

"ಈ ಸಲ ಆಕಿ ಸಿಗಲಿಲ್ರೀ. ಸೊಸಿ ಕುಂತಿದ್ಲು. ಅತ್ತಿ ಮಲ್ಕೊಂಡಾರ ಅಂದ್ಲು."

ಪಂಕಜಳ ಕೈಯಲ್ಲಿ ಚಾದರ ಅರ್ಧಕ್ಕೆ ನಿಂತಿತು. ಎಪ್ಪತ್ತು ದಿನ ಫೋನಿನಲ್ಲಿ ಕೇಳಿದ್ದ ಮಾತೇ ಅದು. ಟೀಚರ್ ನಮಸ್ಕಾರ ಹೇಳಿ ಮೆಟ್ಟಿಲಿಳಿದು ಹೋದದ್ದು ಅವಳಿಗೆ ತಿಳಿಯಿತೋ ಇಲ್ಲವೋ.

ಅವಳು ನನ್ನ ಹತ್ತಿರ ಬಂದಳು. ಒಳಜೇಬಿಗೆ ಬೆರಳಿಟ್ಟಳು. ಮತ್ತೊಮ್ಮೆ ಇಟ್ಟಳು.

ಸೊಸೆ ಹೇಳಿದ್ದು ನಿಜವೇ ಇರಬಹುದು. ಜ್ವರ ಬಂದವರೂ ಮಲಗುತ್ತಾರೆ. ಚೀಲವಾದ ನನಗೆ ಅಂಗಡಿಯ ಮಹಡಿಯ ಮೇಲಿನದು ಕಾಣುವುದಿಲ್ಲ. ಇಷ್ಟು ವರ್ಷ ಇಬ್ಬರ ನಡುವೆ ಓಡಾಡಿದರೂ ನನ್ನಿಂದ ಒಂದು ಮಾತನ್ನೂ ಒಯ್ಯಲಾಗಲಿಲ್ಲ.

ಪಂಕಜ ಸ್ಟೀಲ್ ಡಬ್ಬಿ ಇಳಿಸಿದಳು. ಒಂದು ಸುರುಳಿ ಬಿಚ್ಚಿದಳು. ನೆಲ ಒರೆಸಿ, ಪಾತ್ರೆ ತಿಕ್ಕಿ ಅವಳ ಕೈ ದಪ್ಪಗಾಗಿತ್ತು. ಬಳೆ ಹೆಬ್ಬೆರಳಿನ ಬುಡದಲ್ಲೇ ಸಿಕ್ಕಿಕೊಂಡಿತು. ನಲ್ಲಿಯ ಕೆಳಗೆ ಸೋಪು ಹಚ್ಚಿಕೊಂಡು, ತುಟಿ ಕಚ್ಚಿ, ಮೆಲ್ಲಗೆ ಏರಿಸಿದಳು. ಒಂದು. ಆಮೇಲೆ ಇನ್ನೊಂದು. ಚರ್ಮ ಕೆಂಪಾಯಿತು.

ಮಾಲೀಕರ ಫೋನ್ ಬಂತು. ಮಧ್ಯಾಹ್ನ ಯಾರೋ ಬರುವವರಿದ್ದರು, ಎಲ್ಲ ಸಿದ್ಧವಾಗಿದೆಯೇ ಎಂದು ಕೇಳಿದರು. ಫಿನಾಯಿಲ್ ಮುಗಿದಿದೆ, ತರಲು ಹೊರಟಿದ್ದೇನೆ ಎಂದಳು. ಬಚ್ಚಲಲ್ಲಿ ಫಿನಾಯಿಲ್ ಬಾಟಲಿ ತುಂಬಿತ್ತು. ಅದೇ ಸ್ವರದಲ್ಲಿ ಮಗಳಿಗೂ ಫೋನ್ ಮಾಡಿ, ಊಟಕ್ಕೆ ಕಾಯಬೇಡ ಎಂದಷ್ಟೇ ಹೇಳಿದಳು.

ಕಿತ್ತ ಹಿಡಿಕೆಯನ್ನು ಗಂಟು ಹಾಕಿ ನನ್ನನ್ನು ಹೆಗಲಿಗೇರಿಸಿದಳು. ತಾನು ತಂದಿದ್ದ ಊಟದ ಡಬ್ಬಿಯನ್ನು ನನ್ನೊಳಗಿಟ್ಟಳು. ಅದರಲ್ಲಿ ಮೆತ್ತಗಿನ ಅನ್ನ, ತಿಳಿಸಾರು ಇತ್ತು. ಬಾಗಿಲೆಳೆದು ಬೀಗ ಹಾಕಿದಳು. ಕೆಳಗೆ ಗಡಿಯಾರದ ಬಳಿ ಎಂದಿನಂತೆ ಆಚೆಗೆ ತಿರುಗಬೇಕಿತ್ತು. ಅವಳು ಈಚೆಗೆ ತಿರುಗಿದಳು. ಬಾಗಿಲ ಹಿಂದಿನ ನಕ್ಷೆಯನ್ನು ಹೊರಡುವಾಗ ನೋಡಿಯೇ ಇರಲಿಲ್ಲ. ಆ ದಾರಿ ಅವಳಿಗೆ ಯಾವಾಗಲೂ ಗೊತ್ತಿತ್ತು.