ಎಂಟು ಇಪ್ಪತ್ತರ ಎಸಿ ಲೋಕಲ್

ಡೊಂಬಿವಲಿಯಿಂದ ದಾದರಿಗೆ ಹೋಗುವ ಎಂಟು ಹತ್ತರ ಲೋಕಲ್ ರೈಲಿನಲ್ಲಿ ಹನ್ನೆರಡು ವರ್ಷದಿಂದ ಒಂದು ಭಜನಾ ಮೇಳವಿತ್ತು. ಧಾರವಾಡ, ಬೆಳಗಾವಿ ಕಡೆಯ ಆರೇಳು ನೌಕರಿಯವರು. ರೈಲುಡಬ್ಬಿಯ ಗೋಡೆಯೇ ಅವರ ತಬಲಾ. ಮೊದಲ ಸಾಲು ಎತ್ತುವವನು ಶೆಟ್ಟೆಪ್ಪ. ಗದಿಗೆಪ್ಪ ಮತ್ತು ಉಳಿದವರು ಹಿಂದೆ ದನಿಗೂಡಿಸುವವರು. ಹನ್ನೆರಡು ವರ್ಷವೂ ಗದಿಗೆಪ್ಪನ ಹೊಟ್ಟೆ ಎಷ್ಟು ಉರಿಯಿತೆಂಬುದು ಶಿವನಿಗೇ ಗೊತ್ತು. ತನ್ನ ಕಂಠವೇನು ಕಡಿಮೆಯದೆ?

ಅಷ್ಟರಲ್ಲಿ ಎಂಟು ಇಪ್ಪತ್ತಕ್ಕೆ ಹೊಸದೊಂದು ಎಸಿ ಲೋಕಲ್ ಶುರುವಾಯಿತು. ಶೆಟ್ಟೆಪ್ಪನಿಗೆ ಮೊದಲೇ ಸೊಂಟನೋವು.

"ಈ ಗಾಡಿ ಒಂದೊಂದು ಕುಲುಕಿಗೂ ಜೀವಾ ತಗೀತೈತಿ. ಆ ಎಸಿಯಾಗ ಹೊಟ್ಟ್ಯಾಗಿನ ನೀರು ಅಲುಗಾಡಂಗಿಲ್ಲ," ಎಂದು ಅದರ ಪಾಸು ಮಾಡಿಸಿದ.

ಮರುದಿನವೇ ಗದಿಗೆಪ್ಪ ಕಿಟಕಿಯ ಸೀಟಿನಲ್ಲಿ ಕೂತು ಮೊದಲ ಸಾಲು ಎತ್ತಿದ. ಅಂಥ ಸುಖ ಅವನು ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಮೇಳದ ಭೀಮರಾಯ ಸುದ್ದಿ ತಂದ. "ಎಸಿ ಗಾಡಿ ಖಾಲಿ ಓಡಾಕತ್ತೈತಿ. ಹಿಂಗಾದ್ರ ಗಿಟ್ಟಂಗಿಲ್ಲ ಅಂತ ತಗೀತಾರಂತ. ಶೆಟ್ಟೆಪ್ಪಣ್ಣ ಮತ್ತ ನಮ್ಮ ಡಬ್ಬಿಗೇ ಬರ್ತಾನ, ಭಾಳ ಛಲೋ ಆತು!"

ಗದಿಗೆಪ್ಪ ಕೂತಲ್ಲೇ ಲೆಕ್ಕ ಹಾಕಿದ. ಆ ಗಾಡಿ ತುಂಬಲೇಬೇಕು, ಶೆಟ್ಟೆಪ್ಪ ಅಲ್ಲೇ ಇರಬೇಕು! ಅಂದಿನಿಂದ ಅವನಷ್ಟು ಎಸಿಯನ್ನು ಹೊಗಳಿದವರು ಇಡೀ ಡೊಂಬಿವಲಿಯಲ್ಲಿ ಇರಲಿಕ್ಕಿಲ್ಲ. ಬಿಲ್ಡಿಂಗಿನವರು ಯಾರೂ ಜಗ್ಗಲಿಲ್ಲ. ಕೊನೆಗೆ ಮೇಳದವರಿಗೇ ಗಂಟುಬಿದ್ದ.

"ಭೀಮಣ್ಣ, ನಿನ್ನ ಬಿಪಿಗೆ ಈ ಸೆಕಿ ಆಗಿಬರಂಗಿಲ್ಲ. ಅದರಾಗ ಹೋಗು."

ಇನ್ನೊಬ್ಬನಿಗೆ ಮೊಣಕಾಲಿನ ನೆಪ ಹೇಳಿದ, ಮತ್ತೊಬ್ಬನಿಗೆ ಇಸ್ತ್ರಿ ಅಂಗಿಯದು. ಬೇಸಿಗೆಯೂ ಅವನ ಕೈಹಿಡಿಯಿತು. ಒಬ್ಬೊಬ್ಬರೇ ಹೋದರು. ಎಸಿ ಗಾಡಿ ತುಂಬಿತು, ಉಳಿಯಿತು.

ಒಂದು ಸೋಮವಾರ ಗದಿಗೆಪ್ಪ ಖುಷಿಯಿಂದ ಮೊದಲ ಸಾಲು ಎತ್ತಿದ. ಎರಡನೆಯದಕ್ಕೆ ದನಿಗೂಡಿಸಲು ಯಾರೂ ಇರಲಿಲ್ಲ. ಎದುರಿಗೆ ಕೂತವನು ಇಯರ್‌ಫೋನ್ ಸಿಕ್ಕಿಸಿಕೊಂಡ.

ದಾದರಿನಲ್ಲಿ ಇಳಿಯುವಾಗ ಶೆಟ್ಟೆಪ್ಪನ ಫೋನು ಬಂತು. ಹಿಂದೆ ತಾಳ, ಭೀಮರಾಯನ ದನಿ, ಇಡೀ ಮೇಳವೇ ಕೇಳುತ್ತಿತ್ತು.

"ಗದಿಗ್ಯಾ, ಎಲ್ಲಾರನ್ನೂ ನನ್ನ ಕಡೆ ಕಳಿಸಿದಾಂವ ನೀನಂತಲ್ಲೋ! ನಿನ್ನಂಥಾ ಗೆಳ್ಯಾ ಯಾರಿಗೈತಿ? ನಾಳಿಂದ ನೀನೂ ಬಾ. ನನ್ನ ಹಿಂದ ಸೀಟು ಹಿಡಿದಿರ್ತೇನಿ. ದನಿಗೂಡ್ಸಾಕ ಒಬ್ಬಾಂವ ಕಡಿಮಿ ಬಿದ್ದಾನ."

ಗದಿಗೆಪ್ಪನ ಮೈಯೆಲ್ಲ ಉರಿದುಹೋಯಿತು. ಫೋನು ಕಿಸೆಗೆ ತುರುಕಿ, ಉರಿಯುತ್ತಲೇ ಹೋಗಿ ಎಸಿ ಪಾಸಿನ ಸರತಿಯಲ್ಲಿ ನಿಂತ.