ಈಸೋ ಆರೋ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಹೊರಗೆ ಬಿಸಿಲೋ ಮೋಡವೋ, ಹನ್ನೊಂದು ವರ್ಷದಿಂದ ಮಡಿಕೆಯವಳಿಗೆ ಯಾರಾದರೂ ಬಂದು ಹೇಳಿದರೇ ಗೊತ್ತು. ಬೆಡ್‌ಶೀಟು ಮಡಿಸಿ ಮಡಿಸಿಯೇ ಬಂದ ಹೆಸರು ಅದು. ಸಂಜೆ ರಿಜಿಸ್ಟರಿನಲ್ಲಿ ಅಂದಿನ ಬಟ್ಟೆಗಳ ಬಗ್ಗೆ ಇಂಗ್ಲಿಷಿನ ಎರಡು ಸಾಲು ಬರೆಯುವುದೂ ಅವಳ ತಲೆಗೇ ಬಿದ್ದಿತ್ತು.

ಈಗ ಮೇಲೆ, ಮುಂಬಾಗಿಲ ಪಕ್ಕದ ಮೇಜಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಇಂಗ್ಲಿಷ್ ಪರೀಕ್ಷೆ ಪಾಸಾದವರಿಗೆ ಆ ಕುರ್ಚಿ. ಪರೀಕ್ಷೆಗೆ ಕೂತ ಎರಡು ಸಲವೂ ಅವಳು ಎಡವಿದ್ದು ಒಂದೇ ಕಡೆ: 'ಹಾಫ್' ಎಂದ ಮೇಲೆ 'ಈಸ್' ಬರಬೇಕೋ 'ಆರ್' ಬರಬೇಕೋ.

"ನಮ್ಮ ಮಾತಲ್ಲಿ 'ಅರ್ಧ ಒದ್ದೆ' ಅಂದ್ರೆ ಮುಗೀತು. ಇವರದ್ದೇನೇ ರಗಳೆ?" ಎಂದಳು ಜೊತೆಯ ಇಸ್ತ್ರಿ ಅಕ್ಕ. "ಬಟ್ಟೆ ಆರಿದ್ರೆ ಆರ್, ಆರದಿದ್ರೆ ಈಸ್ ಅಂತ ಬರ್ದು ಬಾ."

"ತಮಾಷೆ ಸಾಕು ಕಣಕ್ಕ. ಈ ತುದಿ ಹಿಡ್ಕೋ."

ಶೀಟನ್ನು ಎಳೆದು ಹಿಡಿದರೆ ಒಂದು ಮಗ್ಗುಲು ಇನ್ನೂ ಒದ್ದೆ. ಮಡಿಕೆಯವಳು ಹಾಗೇ ನಿಂತುಬಿಟ್ಟಳು. ಇದು ಒಂದು ಶೀಟಿನ ಅರ್ಧ. ಬುಟ್ಟಿಯ ಇಪ್ಪತ್ತು ಶೀಟಿನಲ್ಲಿ ಹತ್ತು ಒದ್ದೆ; ಅದೂ ಅರ್ಧವೇ.

"ಅಕ್ಕಾ, ಅರ್ಧ ಅನ್ನೋದನ್ನ ನೋಡ್ಲೇಬಾರ್ದು. ಯಾತರ ಅರ್ಧ ಅಂತ ನೋಡ್ಬೇಕು! ಒಂದರದ್ದಾದ್ರೆ ಈಸ್, ಹತ್ತಾರರದ್ದಾದ್ರೆ ಆರ್."

"ಸರಿ ತಾಯಿ, ನನ್ನ ಕೈ ಬಿದ್ದುಹೋಗ್ತಿದೆ. ಮಡಿಸು."

ಅಂದಿನಿಂದ ರಿಜಿಸ್ಟರೂ ತಿದ್ದಿಕೊಂಡಿತು. ಮೂರನೆಯ ಸಲದ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತೂ ಸರಿ. ಮ್ಯಾನೇಜರು ಕರೆಸಿದರು.

"ಭಲೇ! ನಿಮ್ಮ ರಿಜಿಸ್ಟರೂ ನೋಡಿದೆ. ಮುಂಚೆ ಒಂದು ಶೀಟು ಅರ್ಧ ಹರಿದ್ರೂ ನೀವು 'ಆರ್' ಅಂತ ಬರೀತಿದ್ರಿ, ಅರ್ಧ ರಾಶೀನೇ ಹರೀತು ಅಂತ ನಾವು ಗಾಬರಿ ಬೀಳ್ತಿದ್ವಿ. ಈಗ ಓದಿದ ಕೂಡ್ಲೇ ಅರ್ಥ ಆಗುತ್ತೆ. ನಿಮ್ಮನ್ನ ಮೇಲೆ ಕರ್ಕೊಂಡ್ರೆ ಕೆಳಗೆ ಬರೆಯೋರು ಯಾರಮ್ಮಾ?"

"ಸಾರ್, ಆ ಕುರ್ಚಿ..."

"ಅಲ್ಲಿ ನಕ್ಕು ದಾರಿ ತೋರಿಸೋದು ತಾನೇ? ಅದಕ್ಕೆ ಯಾರಾದ್ರೂ ಆಗ್ತಾರೆ. ಕೆಳಗೆ ನೀವೇ ಆಗ್ಬೇಕು."

ಅವಳು ಮೆಟ್ಟಿಲಿಳಿದು ಬಂದಳು. ಕಥೆ ಕೇಳಿ ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ದಡಕ್ಕನೆ ಇಟ್ಟಳು.

"ಹಾಗಾದ್ರೆ ಇವತ್ತಿಂದ ತಪ್ಪು ಬರಿ. ತಪ್ಪಿನ ಮೇಲೆ ತಪ್ಪು. ತಾವಾಗೇ ಎತ್ತಿ ಮೇಲಕ್ಕೆ ಬಿಸಾಕ್ತಾರೆ ನಿನ್ನ!"

ಸಂಜೆ ನಲವತ್ತರಲ್ಲಿ ಇಪ್ಪತ್ತು ಶೀಟು ಒಣಗದೆ ಉಳಿದಿದ್ದವು. ಮಡಿಕೆಯವಳು ರಿಜಿಸ್ಟರು ತೆರೆದು 'ಹಾಫ್ ಆಫ್ ದ ಶೀಟ್ಸ್' ಎಂದು ಬರೆದಳು. ಪಕ್ಕದಲ್ಲಿ ಬೇಕೆಂದೇ 'ಈಸ್' ಸೇರಿಸಿದಳು. ಒಗೆದ ಬಟ್ಟೆಯ ಮೇಲೆ ಮಸಿ ಬಿದ್ದಂತೆ ಕಂಡಿತು. ಮುಖ ತಿರುಗಿಸಿದಳು, ಮತ್ತೆ ನೋಡಿದಳು. ಮನಸ್ಸು ಇರಲಿ ಎಂದಿತು, ಕೈ ಕೇಳಲಿಲ್ಲ.

ಆ ಸಾಲಿಗೆ ಗೀಟು ಹೊಡೆದು, ಕೆಳಗಿನ ಸಾಲಿನಲ್ಲಿ ಎಲ್ಲವನ್ನೂ ಮೊದಲಿಂದ ದುಂಡಗೆ ಬರೆದಳು: ಆರ್.